ಉಡದ ಹಗಲು

ಮೃಗಶಿರಾ ಮಳೆ ಎರಡು ಸಲ ಚೆನ್ನಾಗಿ ಹುಯ್ದು ಹೋದರೆ ಸಾಕು, ಹಂಪಿಯಿಂದ ದರೋಜಿ, ದರೋಜಿಯಿಂದ ಸಂಡೂರಿನವರೆಗಿನ ಕುರುಚಲು ಕಾಡು ವಾರದೊಳಗೆ ಮೈಬಣ್ಣ ಬದಲಿಸುತ್ತದೆ. ಬೇಸಿಗೆಯಿಡೀ ಮುಳ್ಳಷ್ಟನ್ನೇ ಉಳಿಸಿಕೊಂಡಿದ್ದ ಕಾರೆಗಿಡ ಎಲೆ ಬಿಡುತ್ತದೆ. ಬಂದರೆ ಗಿಡದ ತುದಿಯಲ್ಲಿ ಅಂಟುಚಿಗುರು ಹೊಳೆಯುತ್ತದೆ. ಮಿರಗದ ಹುಳ ತನ್ನ ಕೆಂಪು ಮಖಮಲ್ಲಿನ ಮೈ ಹೊತ್ತು ಒದ್ದೆ ಮಣ್ಣಿನ ಮೇಲೆ ಹರಿದಾಡುತ್ತದೆ. ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ನಿಂತ ಕಣಶಿಲೆಯ ಬಂಡೆಗಳಿಗೆ ಮಾತ್ರ ಯಾವ ಬದಲಾವಣೆಯೂ ಇಲ್ಲ. ಧೂಳು ತೊಳೆದುಹೋಗಿ ಅವುಗಳ ಬಿರುಕುಗಳು ಇನ್ನಷ್ಟು ಕಪ್ಪಗೆ ಎದ್ದು ಕಾಣುತ್ತವೆ, ಅಷ್ಟೇ.

ಆ ಬಿರುಕುಗಳಲ್ಲೊಂದರ ಬಾಯಲ್ಲಿ, ಬಿಸಿಲು ಬಂಡೆಯ ಪೂರ್ವದ ಮೈಯನ್ನು ಕಾಯಿಸತೊಡಗಿದ ಮೇಲೆ, ಒಂದು ಮೂತಿ ಕಾಣಿಸಿಕೊಳ್ಳುತ್ತದೆ. ಮೂತಿ ಮಾತ್ರ. ಬಹಳ ಹೊತ್ತು ಅದು ಕದಲುವುದಿಲ್ಲ. ಕಲ್ಲಿನ ಬಣ್ಣದ್ದೇ ಆದದ್ದರಿಂದ ಮೊದಲು ನೋಡಿದವರಿಗೆ ಅದು ಕಲ್ಲಿನ ಚಕ್ಕೆ. ಆಮೇಲೆ ಆ ಚಕ್ಕೆಯಿಂದ ನೀಲಿಗಪ್ಪು ಎಳೆಯೊಂದು ಹೊರಬಂದು, ತುದಿಯಲ್ಲಿ ಎರಡಾಗಿ ಸೀಳಿ, ಗಾಳಿಯನ್ನು ತಡವಿ ಒಳಗೆ ಹೋಗುತ್ತದೆ. ಮತ್ತೊಮ್ಮೆ. ಮಗದೊಮ್ಮೆ. ಹೊರಗೆ ಏನಿದೆ, ಯಾರಿದ್ದಾರೆ ಎಂಬ ಲೆಕ್ಕ ಆ ನಾಲಗೆಯಿಂದಲೇ ಆಗಬೇಕು. ಲೆಕ್ಕ ಸರಿಹೋದರೆ ಕುತ್ತಿಗೆ ಬರುತ್ತದೆ, ಮುಂಗಾಲೊಂದು ಬಂಡೆಯ ಅಂಚನ್ನು ಹಿಡಿಯುತ್ತದೆ, ಆಮೇಲೆ ಮೈ, ಆಮೇಲೆ ಇನ್ನೇನು ಮುಗಿಯಿತು ಅಂದುಕೊಂಡರೂ ಮುಗಿಯದ ಬಾಲ.

ಉಡ ಹೊರಬಂದಿದೆ.

ಹೊರಬಂದದ್ದೇ ಬೇಟೆಗೆ ಹೊರಡುವುದಿಲ್ಲ. ರಾತ್ರಿಯ ತಂಪು ಇನ್ನೂ ಮೈಯಲ್ಲಿದೆ. ಪಕ್ಕೆಲುಬುಗಳನ್ನು ಅಗಲಿಸಿ, ಮೈಯನ್ನು ಚಪ್ಪಟೆ ಮಾಡಿಕೊಂಡು, ಹೊಟ್ಟೆ ಬಂಡೆಗೂ ಬೆನ್ನು ಸೂರ್ಯನಿಗೂ ಕೊಟ್ಟು ಮಲಗುತ್ತದೆ. ಮೇಲಿನಿಂದ ಬಿಸಿಲು, ಕೆಳಗಿನಿಂದ ಕಾದ ಕಲ್ಲು. ಮೈಯ ಶಾಖ 35 ಡಿಗ್ರಿಯ ಆಸುಪಾಸಿಗೆ ಬರುವವರೆಗೂ ಈ ಕೆಲಸ ನಡೆಯುತ್ತದೆ. ಸೋಮಾರಿತನದಂತೆ ಕಾಣುವ ಇದು ಅದರ ದಿನದ ಅತಿ ಮುಖ್ಯ ದುಡಿಮೆ. ಈ ಶಾಖವಿಲ್ಲದೆ ಅದು ಓಡಲಾರದು, ತಿಂದದ್ದನ್ನು ಅರಗಿಸಿಕೊಳ್ಳಲಾರದು. ನೋಡುವವರಿಗೂ ಅದನ್ನು ಕಣ್ತುಂಬ ನೋಡಲು ಇದೇ ಹೊತ್ತು.

ತಲೆಯಿಂದ ಶುರು ಮಾಡೋಣ. ಉದ್ದನೆಯ, ಮುಂದಕ್ಕೆ ಸಣ್ಣಗಾಗುವ ತಲೆ. ಕುತ್ತಿಗೆಯಿಂದ ಅದು ಬೇರೆಯಾಗಿ ಎದ್ದು ನಿಲ್ಲುತ್ತದೆ. ಓತಿಕ್ಯಾತಕ್ಕೂ ಹಲ್ಲಿಗೂ ಇಲ್ಲದ ಕುತ್ತಿಗೆ ಉಡಕ್ಕಿದೆ, ಅದರಿಂದಲೇ ಅದರ ನೋಟಕ್ಕೊಂದು ಗಾಂಭೀರ್ಯ. ತಲೆಯನ್ನು ಎತ್ತಿ, ಹೊರಳಿಸಿ, ಬೇಕಾದ ಕಡೆ ನಿಲ್ಲಿಸಿ ನೋಡುತ್ತದೆ. ಮೂಗಿನ ಹೊಳ್ಳೆಗಳು ಮೂತಿಯ ತುದಿಯಲ್ಲಿಲ್ಲ. ಅಲ್ಲಿಂದ ಸಾಕಷ್ಟು ಹಿಂದೆ, ಕಣ್ಣಿಗೆ ಹತ್ತಿರವಾಗಿ, ಓರೆ ಸೀಳುಗಳಾಗಿವೆ. ಮೂತಿಯನ್ನು ಮಣ್ಣಿಗೆ, ಸಗಣಿಗೆ, ನೀರಿಗೆ ತೂರಿಸಿ ಬದುಕುವ ಪ್ರಾಣಿಗೆ ಇದು ಅನುಕೂಲ. ಬೇಕೆಂದಾಗ ಆ ಸೀಳುಗಳನ್ನು ಮುಚ್ಚಿಕೊಳ್ಳಲೂ ಬರುತ್ತದೆ. ಕಣ್ಣಿನ ಪಾಪೆ ದುಂಡು. ಅದರ ಹಿಂದೆ ಕಿವಿಯ ತೂತು ಬಯಲಿಗೇ ತೆರೆದುಕೊಂಡಿದೆ.

ಮೈಮೇಲೆ ಸಣ್ಣ ಸಣ್ಣ ದುಂಡು ಹುರುಪೆ. ಹಾವಿನ ಹಾಗೆ ಒಂದರ ಮೇಲೊಂದು ಹೊದ್ದ ಹುರುಪೆಯಲ್ಲ, ಪಕ್ಕಪಕ್ಕದಲ್ಲಿ ಕೂತ ಕಾಳುಗಳು. ಬಣ್ಣ ಬೂದು, ಕಂದು, ಮಬ್ಬು ಹಸಿರು ಇವುಗಳ ನಡುವೆ ಎಲ್ಲೋ ಇರುತ್ತದೆ. ಅದರ ಮೇಲೆ ಹಳದಿ, ಕಪ್ಪು ಚುಕ್ಕೆಗಳು ಚೆಲ್ಲಿರುತ್ತವೆ. ಪೊರೆ ಕಳಚುವ ಕಾಲದಲ್ಲಿ ಅಲ್ಲಲ್ಲಿ ತೊಗಲು ಹರಿದು ಜೋತಾಡುತ್ತ ಪ್ರಾಣಿ ಮುದಿಯಾದಂತೆ ಕಾಣುತ್ತದೆ. ಕಳಚಿದ ಮೇಲೆ ನೋಡಬೇಕು, ಪ್ರತಿ ಚುಕ್ಕೆಯೂ ಹೊಸದು. ಕಾಲುಗಳು ಗಿಡ್ಡ, ಆದರೆ ದಪ್ಪ. ಒಂದೊಂದರಲ್ಲೂ ಐದು ಬೆರಳು, ಒಂದೊಂದು ಬೆರಳಿಗೂ ಬಾಗಿದ ಗಟ್ಟಿ ಉಗುರು. ಬಾಲ ಎರಡು ಪಕ್ಕಗಳಿಂದ ಒತ್ತಿದಂತೆ ಚಪ್ಪಟೆ, ಮೇಲಂಚಿನಲ್ಲಿ ಹಲ್ಲುಹಲ್ಲಾದ ಏಣು. ದೊಡ್ಡ ಗಂಡು ಮೂತಿಯಿಂದ ಬಾಲದ ತುದಿಯವರೆಗೆ 175 ಸೆಂಟಿಮೀಟರ್ ಮುಟ್ಟಬಹುದು, ಅದರಲ್ಲಿ ಒಂದು ಮೀಟರಿನಷ್ಟು ಬಾಲವೇ. ತೂಕ ಏಳು ಕಿಲೋವರೆಗೆ ಹೋದದ್ದಿದೆ. ನಮ್ಮ ಹೊಲಗಳ ಬದುವಿನಲ್ಲಿ ಸಿಗುವವು ಸಾಮಾನ್ಯವಾಗಿ ಅದಕ್ಕಿಂತ ಬಹಳ ಚಿಕ್ಕವು.

ಇಂಡಿಯಾದಲ್ಲಿ ಉಡದ ಜಾತಿಗಳು ನಾಲ್ಕು. ರಾಜಸ್ಥಾನದ ಕಡೆಯ ಮರಳುಗಾಡಿನ ಉಡ, ಗಂಗಾ ಬಯಲಿನ ಹಳದಿ ಉಡ, ಸುಂದರಬನ, ಒಡಿಶಾದ ಭಿತರ್‌ಕನಿಕಾ, ಅಂಡಮಾನ್‌ಗಳ ದೈತ್ಯ ನೀರುಡ, ಮತ್ತೆ ನಮ್ಮ ಊರುಕೇರಿಯ ಈ ಸಾಮಾನ್ಯ ಉಡ. ವಿಜ್ಞಾನಿಗಳು ಇದನ್ನು ಕರೆಯುವುದು ವರಾನಸ್ ಬೆಂಗಾಲೆನ್ಸಿಸ್ ಎಂದು. ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ದೋದ್ಯಾಂ 1802ರಲ್ಲಿ ಇದನ್ನು ವರ್ಣಿಸಿ ಹೆಸರಿಟ್ಟದ್ದು ಬಂಗಾಳದಿಂದ ಬಂದ ಮಾದರಿಯನ್ನು ನೋಡಿ. ಅದರ ನೆಲೆಯೋ ಇರಾನಿನ ಆಗ್ನೇಯ ಅಂಚಿನಿಂದ ಅಫ್ಘಾನಿಸ್ತಾನ, ಪಾಕಿಸ್ತಾನಗಳನ್ನು ಹಾದು ಇಡೀ ಇಂಡಿಯಾ, ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾ, ಮ್ಯಾನ್ಮಾರ್‌ವರೆಗೆ ಹರಡಿದೆ. ಇಷ್ಟು ವಿಸ್ತಾರದಲ್ಲಿ ಬದುಕುವ ಪ್ರಾಣಿಯ ಬಗ್ಗೆ ಸಮಗ್ರವಾದ ಪುಸ್ತಕವೊಂದು ಬರಲು 1994ರವರೆಗೆ ಕಾಯಬೇಕಾಯಿತು. ಬರೆದವರು ಅಮೆರಿಕದ ವಾಲ್ಟರ್ ಆಫೆನ್‌ಬರ್ಗ್. ಕೊಮೊಡೊ ದ್ವೀಪದಲ್ಲಿ ಸಂಸಾರ ಸಮೇತ ಬೀಡುಬಿಟ್ಟು, ಅಲ್ಲಿನ ಮಹಾ ಉಡವನ್ನು ಅಭ್ಯಾಸ ಮಾಡಿದ್ದ ಮನುಷ್ಯ. ಹೆಬ್ಬಾವಿನ ಬಗ್ಗೆ, ನಾಗರಹಾವಿನ ಬಗ್ಗೆ ನಮ್ಮಲ್ಲಿ ಸಿಗುವ ಕುತೂಹಲದ ಕಾಲುಭಾಗವೂ ಉಡದ ಪಾಲಿಗೆ ಬಂದಿಲ್ಲ ಎಂಬುದು ನನ್ನ ಬಹುದಿನದ ಕೊರಗು.

ಬಂಡೆಯ ಮೇಲಿನ ಉಡ ಈಗ ಕಾದಿದೆ. ಎದ್ದು ನಡೆಯುತ್ತದೆ. ಹೊಟ್ಟೆಯನ್ನು ನೆಲದಿಂದ ಮೇಲಕ್ಕೆತ್ತಿ, ಎಡಗಡೆಯ ಮುಂಗಾಲು ಬಲಗಡೆಯ ಹಿಂಗಾಲಿನ ಜೊತೆಗೆ ಮುಂದಾಗಿ, ಬೆನ್ನು ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ಬಳುಕುತ್ತದೆ. ಮಳೆ ನಿಂತ ಮೇಲಿನ ನುಣ್ಣನೆಯ ಮಣ್ಣಿನಲ್ಲಿ ಅದು ಹಾದ ದಾರಿ ಸ್ಪಷ್ಟವಾಗಿ ಉಳಿಯುತ್ತದೆ: ನಡುವೆ ಬಾಲ ಎಳೆದ ಅಲೆಯಲೆಯಾದ ಗೆರೆ, ಎರಡೂ ಬದಿಗೆ ಉಗುರಿನ ಗುರುತು. ದರೋಜಿಯ ಕರಡಿಧಾಮದ ಸುತ್ತ ಬೆಳಗಿನ ಕಾಲುದಾರಿಗಳಲ್ಲಿ ಕರಡಿಯ ಅಗಲ ಹೆಜ್ಜೆಯನ್ನು ಅಡ್ಡಹಾಯ್ದು ಹೋದ ಈ ಗೆರೆಯನ್ನು ನಾನು ನೋಡಿದ್ದೇನೆ. ಇಬ್ಬರದೂ ಒಂದೇ ಅಂಗಡಿಯ ಲೆಕ್ಕ. ಕರಡಿಗೆ ಹುತ್ತದೊಳಗಿನ ಗೆದ್ದಲು ಬೇಕು. ಕರಡಿ ಕೆದಕಿ ಬಿಟ್ಟ ಮಣ್ಣು ಉಡಕ್ಕೆ ಮೂತಿ ತೂರಿಸಲು ಸಲೀಸು.

ಉಡದ ಬೇಟೆಯಲ್ಲಿ ಹೊಂಚಿಲ್ಲ. ನಡೆ, ನಾಲಗೆ ಚಾಚು, ಕೆದಕು, ನುಂಗು, ಮತ್ತೆ ನಡೆ. ಒಣಗಿದ ಎಲೆಯ ರಾಶಿಯನ್ನು ಮುಂಗಾಲಿನಿಂದ ಎಳೆದು ಚೆಲ್ಲುತ್ತದೆ. ಹಳೆಯ ಸಗಣಿಯನ್ನು ಮಗುಚುತ್ತದೆ. ಅದರ ಅಡಿಯ ಜೀರುಂಡೆ, ಹುಳು, ಚೇಳು, ಜರಿ, ಮಳೆಗೆ ಹೊರಬಂದ ಬಸವನಹುಳು, ಮಿಡತೆ, ಇರುವೆ, ಏಡಿ, ಕಪ್ಪೆ, ಇಲಿಮರಿ, ಚಿಕ್ಕ ಹಾವು, ತನಗಿಂತ ಸಣ್ಣ ಓತಿ, ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳ ಮೊಟ್ಟೆ, ಸತ್ತು ಬಿದ್ದ ಪ್ರಾಣಿ, ಎಲ್ಲವೂ ಆಹಾರವೇ. ಆದರೆ ದಿನದ ಊಟದ ಬಹುಪಾಲು ಕೀಟಗಳು. ಇಷ್ಟು ದೊಡ್ಡ ಪ್ರಾಣಿ ಜೀರುಂಡೆ ತಿಂದು ಬದುಕುತ್ತದೆ ಎಂದರೆ ಕೋಳಿಗೂಡಿನ ಕಳ್ಳನೆಂದೇ ಉಡವನ್ನು ಬಲ್ಲ ಜನ ನಂಬುವುದಿಲ್ಲ. ಕೋಳಿಮೊಟ್ಟೆ ಸಿಕ್ಕರೆ ಬಿಡುವ ಪ್ರಾಣಿ ಅದಲ್ಲ, ನಿಜ. ಆದರೆ ಅದು ವರ್ಷವಿಡೀ ಹೊಲದಲ್ಲಿ ತಿಂದ ಹುಳುಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಸೀಳು ನಾಲಗೆಯ ಕೆಲಸವನ್ನು ಈ ಹೊತ್ತಿನಲ್ಲೇ ಗಮನಿಸಬೇಕು. ನಾಲಗೆಯ ಎರಡು ತುದಿಗಳೂ ಬೇರೆ ಬೇರೆ ಜಾಗದ ಗಾಳಿಯಿಂದ, ನೆಲದಿಂದ ವಾಸನೆಯ ಕಣಗಳನ್ನು ಹೊತ್ತು ತಂದು ಬಾಯಿಯ ಅಂಗುಳಿನಲ್ಲಿರುವ ವಿಶೇಷ ಅಂಗಕ್ಕೆ ಮುಟ್ಟಿಸುತ್ತವೆ. ಎಡತುದಿಯಲ್ಲಿ ವಾಸನೆ ಹೆಚ್ಚಿದ್ದರೆ ಎಡಕ್ಕೆ, ಬಲದಲ್ಲಿ ಹೆಚ್ಚಿದ್ದರೆ ಬಲಕ್ಕೆ. ಒಂದಡಿ ಮಣ್ಣಿನ ಕೆಳಗಿನ ಹುಳುವಿನ ಜಾಡು ಹಿಡಿದು, ಅನುಮಾನವಿಲ್ಲದೆ ಒಂದೇ ಕಡೆ ಉಗುರು ಹಾಕುವುದನ್ನು ನೋಡುವಾಗ ಮೈ ಝುಂ ಎನ್ನುತ್ತದೆ. ಹಾವಿಗೂ ಉಡಕ್ಕೂ ಇರುವ ಈ ಹೋಲಿಕೆಯೇ ಜನರಲ್ಲಿ ಭಯ ಹುಟ್ಟಿಸಿದೆ. ಎರಡು ನಾಲಗೆ ಇದೆ, ಆದ್ದರಿಂದ ವಿಷ ಇದೆ ಎನ್ನುತ್ತಾರೆ. ಉಡ ಕಚ್ಚಿದರೆ ಗಾಯ ಆಳವಾಗುತ್ತದೆ, ಕೊಳಕಾದರೆ ಬಾವು ಬರುತ್ತದೆ, ಔಷಧ ಮಾಡಿಸಲೇಬೇಕು. ಆದರೆ ನಾಗರಹಾವಿನ ಸಾಲಿನಲ್ಲಿ ನಿಲ್ಲಿಸಿ ಬಡಿದು ಕೊಲ್ಲುವಂಥದ್ದು ಅದರಲ್ಲಿ ಏನೂ ಇಲ್ಲ.

ಬೇಟೆಯ ನಡುವೆ ಆಗಾಗ ಅದು ನಿಲ್ಲುತ್ತದೆ. ಹುಲ್ಲು ಎತ್ತರವಾಗಿದ್ದರೆ ಹಿಂಗಾಲು, ಬಾಲಗಳ ಮೇಲೆ ಎದ್ದು ನಿಂತು ಸುತ್ತ ನೋಡುತ್ತದೆ. ನಾಯಿಯ ವಾಸನೆ ಬಂತೋ, ಆಟ ಬೇರೆ. ಓಡಿ ಬಂಡೆಯ ಸಂದು ಸೇರಲು ಸಮಯವಿದ್ದರೆ ಓಡುತ್ತದೆ. ಈ ಓಟದಲ್ಲೊಂದು ವಿಶೇಷವಿದೆ. ಹಲ್ಲಿಯ ಬಳಗದವು ಓಡುವಾಗ ಮೈ ಎಡಬಲ ಬಳುಕುವುದರಿಂದ ಶ್ವಾಸಕೋಶ ಒತ್ತಿಹೋಗಿ, ಓಡುತ್ತಲೇ ಚೆನ್ನಾಗಿ ಉಸಿರಾಡುವುದು ಅವಕ್ಕೆ ಕಷ್ಟ. ಸ್ವಲ್ಪ ಓಡು, ನಿಲ್ಲು, ಉಸಿರಾಡು, ಮತ್ತೆ ಓಡು. ಉಡ ಈ ತೊಡಕನ್ನು ಗಂಟಲಿನಿಂದ ಬಗೆಹರಿಸಿಕೊಂಡಿದೆ. ಗಂಟಲ ಚೀಲವನ್ನು ಉಬ್ಬಿಸಿ, ಕುಗ್ಗಿಸಿ ಗಾಳಿಯನ್ನು ಶ್ವಾಸಕೋಶಕ್ಕೆ ಒತ್ತಿ ತುಂಬುತ್ತದೆ. ಆಫ್ರಿಕಾದ ಹುಲ್ಲುಗಾಡಿನ ಉಡವನ್ನು ಓಡಿಸಿ ನೋಡಿದ ವಿಜ್ಞಾನಿಗಳು 1999ರಲ್ಲಿ ಇದನ್ನು ತೋರಿಸಿದರು. ಅದೇ ಉಡದ ಶ್ವಾಸಕೋಶದಲ್ಲಿ ಗಾಳಿ ಹಕ್ಕಿಗಳಲ್ಲಿ ಹರಿಯುವಂತೆ ಒಂದೇ ದಿಕ್ಕಿನಲ್ಲಿ ಹರಿಯುತ್ತದೆಂದು 2013ರಲ್ಲಿ ಗೊತ್ತಾಯಿತು. ಓಡಿ ದಣಿಯದ ಹಲ್ಲಿ ಎಂಬ ಈ ಸೋಜಿಗ ನಮ್ಮ ಹೊಲದ ಬದುವಿನಲ್ಲೇ ಓಡಾಡುತ್ತಿದೆ.

ಓಡಲು ದಾರಿಯಿಲ್ಲದಾಗ ಅದು ತಿರುಗಿ ನಿಲ್ಲುತ್ತದೆ. ಕುತ್ತಿಗೆ ಉಬ್ಬುತ್ತದೆ, ಮೈಗೆ ಗಾಳಿ ತುಂಬುತ್ತದೆ, ದೀರ್ಘವಾದ ಬುಸುಗುಡುವಿಕೆ ಹೊರಡುತ್ತದೆ. ಬಾಲ ಒಂದು ಪಕ್ಕಕ್ಕೆ ಬಿಲ್ಲಾಗಿ ಬಾಗಿ ಕಾಯುತ್ತದೆ. ಹತ್ತಿರ ಬಂದ ನಾಯಿಯ ಮೂತಿಗೆ ಆ ಬಾಲ ಬಿದ್ದರೆ ನಾಯಿ ಕುಂಯ್‌ಗುಡುತ್ತ ಹಿಂದೆ ಸರಿಯುತ್ತದೆ. ಸಂಡೂರಿನ ಕಡೆ ಗುಡ್ಡದಲ್ಲಿ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ನಾನು ಕ್ಯಾಮೆರಾ ಹಿಡಿದು ಹತ್ತಿರ ಹೋಗುವುದನ್ನು ನೋಡಿ ಕೂಗಿ ಹೇಳಿದ್ದರು: “ಅಷ್ಟು ಸನೇಕ ಹೋಗಬ್ಯಾಡ್ರಿ ಸಾರ್. ಅದು ತಾನಾಗಿ ಬಂದು ಏನೂ ಮಾಡಂಗಿಲ್ಲ. ಅದರ ದಾರಿ ಅದಕ್ಕ ಬಿಟ್ರ ಸಾಕು.” ಉಡವನ್ನು ಕುರಿತು ಇದಕ್ಕಿಂತ ಒಳ್ಳೆಯ ಸಲಹೆಯನ್ನು ನಾನು ಯಾವ ಕೈಪಿಡಿಯಲ್ಲೂ ಓದಿಲ್ಲ.

ಸಂದು ಸೇರಿದ ಉಡವನ್ನು ಹೊರಗೆಳೆಯುವುದು ಸುಲಭವಲ್ಲ. ಒಳಗೆ ಹೊಕ್ಕದ್ದೇ ಉಗುರುಗಳನ್ನು ಕಲ್ಲಿನ ಒರಟಿಗೆ ಸಿಕ್ಕಿಸಿ, ಗಾಳಿ ಎಳೆದುಕೊಂಡು ಮೈಯನ್ನು ಉಬ್ಬಿಸುತ್ತದೆ. ಬೆನ್ನು ಮೇಲಿನ ಕಲ್ಲಿಗೆ, ಹೊಟ್ಟೆ ಕೆಳಗಿನ ಕಲ್ಲಿಗೆ ಒತ್ತಿ ನಿಲ್ಲುತ್ತವೆ. ಬಾಲ ಹಿಡಿದು ಜಗ್ಗಿದಷ್ಟೂ ಹಿಡಿತ ಬಿಗಿ. ಪಟ್ಟು ಬಿಡದವರನ್ನು ಕಂಡರೆ ಉಡದ ಹಿಡಿತ ಎನ್ನುವ ಮಾತು ನಮ್ಮಲ್ಲಿ ಹುಟ್ಟಿದ್ದು ಹೀಗೆ ಜಗ್ಗಿ ಸೋತವರಿಂದಲೇ ಇರಬೇಕು.

ಈ ಹಿಡಿತ ಒಂದು ರಾಜಮನೆತನಕ್ಕೆ ಹೆಸರನ್ನೇ ಕೊಟ್ಟಿದೆ. ಮರಾಠಿಯಲ್ಲಿ ಉಡವನ್ನು ಘೋರ್ಪಡ್ ಎನ್ನುತ್ತಾರೆ. ಬಹಮನಿ ಸುಲ್ತಾನರ ಕಾಲದಲ್ಲಿ, ಮಹಮೂದ್ ಗವಾನನ ದಂಡು ಸಹ್ಯಾದ್ರಿಯ ಖೇಳ್ನಾ ಕೋಟೆಯನ್ನು ಮುತ್ತಿದ್ದಾಗ, ಉಡದ ಸೊಂಟಕ್ಕೆ ಹಗ್ಗ ಬಿಗಿದು ಗೋಡೆ ಹತ್ತಿಸಿ, ಆ ಹಗ್ಗ ಹಿಡಿದು ಮೇಲೇರಿದ ವೀರನ ವಂಶ ತಮ್ಮದೆಂದು ಘೋರ್ಪಡೆಯವರ ಐತಿಹ್ಯ. ಮುಧೋಳದಲ್ಲೂ ಸಂಡೂರಿನಲ್ಲೂ ಆಳಿದ್ದು ಈ ಹೆಸರಿನ ಮನೆತನಗಳೇ. 1670ರಲ್ಲಿ ತಾನಾಜಿ ಮಾಲುಸರೆ ಸಿಂಹಗಡವನ್ನು ಹತ್ತಿದ ಕತೆಯಲ್ಲೂ ಉಡವೊಂದು ಬರುತ್ತದೆ. ಅದಕ್ಕೆ ಯಶವಂತಿ ಎಂದು ಹೆಸರು ಕೂಡ ಇದೆ. ನಾನು ಈ ಕತೆಗಳನ್ನು ಪ್ರೀತಿಯಿಂದ ಕೇಳುತ್ತೇನೆ, ಆದರೆ ನಂಬಲು ಮನಸ್ಸು ಒಪ್ಪುವುದಿಲ್ಲ. ನಾಲ್ಕೈದು ಕಿಲೋ ತೂಗುವ ಪ್ರಾಣಿ ಬಿರುಕಿನಲ್ಲಿ ಸಿಕ್ಕಿಕೊಂಡಾಗ ಬಹಳ ಭಾರ ತಡೆಯಬಹುದು, ಸರಿ. ಹೇಳಿದ ಗೋಡೆಯನ್ನು ಹೇಳಿದ ಹೊತ್ತಿನಲ್ಲಿ ಹತ್ತಿ, ಬೇಕಾದ ಜಾಗದಲ್ಲೇ ಸಿಕ್ಕಿಕೊಳ್ಳುವುದು ಅದರ ಸ್ವಭಾವದಲ್ಲಿಲ್ಲ. ಸಂಡೂರಿನ ಘೋರ್ಪಡೆಯವರಲ್ಲೊಬ್ಬರಾದ ಎಂ. ವೈ. ಘೋರ್ಪಡೆ ರಾಜ್ಯದ ಹಣಕಾಸು ಸಚಿವರಾಗಿದ್ದವರು, ಕ್ಯಾಮೆರಾ ಹಿಡಿದು ಕಾಡು ತಿರುಗಿ ವನ್ಯಜೀವಿ ಛಾಯಾಗ್ರಾಹಕರೆಂದು ದೇಶದ ಹೊರಗೂ ಹೆಸರಾದವರು. ಉಡದ ಹೆಸರು ಹೊತ್ತ ಮನೆಯಿಂದ ಕಾಡುಪ್ರಾಣಿಗಳನ್ನು ಸುಮ್ಮನೆ ನೋಡಲು ಕಲಿಸಿದವರೊಬ್ಬರು ಬಂದದ್ದು ಕೋಟೆಯ ಕತೆಗಿಂತ ನನಗೆ ಹೆಚ್ಚು ಇಷ್ಟ.

ಮಧ್ಯಾಹ್ನದ ಬಿಸಿಲು ಏರಿದರೆ ಉಡ ನೆರಳಿಗೋ ಬಿಲಕ್ಕೋ ಹೋಗುತ್ತದೆ. ಹತ್ತಿರ ಕೆರೆ, ಕಾಲುವೆ ಇದ್ದರೆ ನೀರಿಗಿಳಿಯುವುದೂ ಉಂಟು. ಈಜುವಾಗ ನಾಲ್ಕೂ ಕಾಲುಗಳನ್ನು ಮೈಗೆ ಅಂಟಿಸಿ, ಆ ಚಪ್ಪಟೆ ಬಾಲವನ್ನು ಮಾತ್ರ ಬೀಸುತ್ತದೆ. ಅಪಾಯ ಕಂಡರೆ ಮುಳುಗಿ ತಳದಲ್ಲಿ ಕಾಲುಗಂಟೆಗೂ ಹೆಚ್ಚು ಹೊತ್ತು ಇರಬಲ್ಲದು. ಮರ ಹತ್ತುವುದರಲ್ಲೂ ಜಾಣ. ಹುಣಸೆ, ಬೇವಿನ ಪೊಟರೆಗಳಲ್ಲಿ ಗಿಳಿಯ ಗೂಡು ತಡಕುತ್ತದೆ, ಅದೇ ಪೊಟರೆಯಲ್ಲಿ ಮಲಗುವುದೂ ಇದೆ. ನೆಲದಲ್ಲಿ ಬಿಲ, ಬಂಡೆಯಲ್ಲಿ ಬಿರುಕು, ಮರದಲ್ಲಿ ಪೊಟರೆ, ಹೊಲದಂಚಿನ ಕಲ್ಲುಗುಂಪೆ, ಹಾಳುಬಾವಿಯ ಗೋಡೆ: ಎಲ್ಲಿ ಒಂದು ಸಂದು ಇದೆಯೋ ಅಲ್ಲಿ ಉಡಕ್ಕೊಂದು ಮನೆಯಿದೆ. ಇದನ್ನು ಒತ್ತಿ ಹೇಳಬೇಕೆಂದೇ ಈ ಚಿತ್ರ ಬರೆಯುತ್ತಿದ್ದೇನೆ. ಉಡಕ್ಕೆ ದಟ್ಟ ಕಾಡು ಬೇಡ. ಅದಕ್ಕೆ ಬೇಕಾದದ್ದು ನಾವು ಕೈಹಾಕದೆ ಬಿಟ್ಟ ಜಾಗ.

ಮನುಷ್ಯನ ಕೈ ಮಾತ್ರ ಉಡವನ್ನು ಸಂದಿನಲ್ಲಿಯೂ ಬಿಟ್ಟಿಲ್ಲ. ನಾಯಿಗೆ, ಹದ್ದಿಗೆ ಎದುರಾಗಿ ಸಾವಿರಾರು ವರ್ಷ ಕಾಪಾಡಿದ ಅದೇ ಹಿಡಿತ ಹಾರೆ, ಗುದ್ದಲಿ ಹಿಡಿದವರ ಮುಂದೆ ಅದಕ್ಕೆ ಶತ್ರು. ಬಿಲ ಹೊಕ್ಕ ಉಡ ಓಡುವುದಿಲ್ಲ. ಅಗೆಯುವವರಿಗೆ ಅದು ಎಲ್ಲಿದೆಯೆಂದು ಗೊತ್ತು. ಹೊರತೆಗೆದು, ಕಾಲುಗಳನ್ನು ಬೆನ್ನ ಮೇಲೆ ಬಿಗಿದು ಕಟ್ಟಿ, ಜೀವಂತವಾಗಿಯೇ ಚೀಲಕ್ಕೆ ಹಾಕಿ ಸಂತೆಗೆ ಒಯ್ಯುವ ಕ್ರೂರ ಪದ್ಧತಿ ಬಹಳ ಕಾಲ ನಡೆಯಿತು. ಮಾಂಸ ಸೊಂಟನೋವಿಗೆ ಒಳ್ಳೆಯದು, ಕೊಬ್ಬಿನ ಎಣ್ಣೆ ಕೀಲುನೋವಿಗೆ ಒಳ್ಳೆಯದು, ಗಂಡಸುತನಕ್ಕೆ ಒಳ್ಳೆಯದು ಎಂಬ ಮಾತುಗಳಿಗೆ ಯಾವ ಆಧಾರವೂ ಇಲ್ಲ. ಎಣ್ಣೆ ಮಾತ್ರ ಪುಟ್ಟ ಬಾಟಲಿಗಳಲ್ಲಿ ಬೀದಿಬದಿಗೆ ಬರುತ್ತಲೇ ಇತ್ತು.

ಇದಕ್ಕಿಂತ ಹೇಸಿಗೆಯದು ಹತ್ಥಾ ಜೋಡಿಯ ವ್ಯಾಪಾರ. ಎರಡು ಕೈ ಮುಗಿದಂತೆ ಕಾಣುವ ಅಪರೂಪದ ಬೇರು, ಮನೆಯಲ್ಲಿಟ್ಟು ಪೂಜಿಸಿದರೆ ಲಕ್ಷ್ಮಿ ಒಲಿಯುತ್ತಾಳೆ ಎಂದು ಹೇಳಿ ಅಂತರ್ಜಾಲದಲ್ಲಿ ಮಾರುತ್ತಿದ್ದ ವಸ್ತು ಬೇರೇ ಅಲ್ಲ, ಗಂಡು ಉಡದ ಒಣಗಿಸಿದ ಜನನಾಂಗ ಎಂದು 2017ರಲ್ಲಿ ಬಯಲಾಯಿತು. ಕೊಂಡವರಲ್ಲಿ ಎಷ್ಟೋ ಮಂದಿ ಸಸ್ಯಾಹಾರಿಗಳು, ಇರುವೆಗೂ ನೋವು ಮಾಡದವರು ಇದ್ದಿರಬೇಕು. ತಮ್ಮ ದೇವರ ಗೂಡಿನಲ್ಲಿ ಏನಿದೆಯೆಂಬುದು ಅವರಿಗೆ ತಿಳಿದಿರಲಿಕ್ಕಿಲ್ಲ. ಬಂಗಾಳದ ಚಂಡೀಮಂಗಲ ಕಾವ್ಯದಲ್ಲಿ ಬೇಟೆಗಾರ ಕಾಲಕೇತು ದಿನವಿಡೀ ಏನೂ ಸಿಗದೆ ಬಂಗಾರದ ಬಣ್ಣದ ಉಡವೊಂದನ್ನು ಕಟ್ಟಿ ಮನೆಗೆ ತರುತ್ತಾನೆ. ಆ ಉಡ ಸಾಕ್ಷಾತ್ ಚಂಡಿಯೇ. ಅವಳು ಅವನಿಗೆ ಬೇಟೆಯನ್ನು ಬಿಡಿಸಿ ರಾಜ್ಯ ಕೊಡುತ್ತಾಳೆ. ಐಶ್ವರ್ಯವನ್ನು ಉಡದ ಜೊತೆ ಜೋಡಿಸುವುದೇ ಆದರೆ ಆ ಕಾವ್ಯ ಜೋಡಿಸಿದ ಬಗೆ ಎಷ್ಟು ಚಂದ!

ಸಂಗೀತ ಬಲ್ಲವರಿಗೆ ಉಡದ ಚರ್ಮ ಗೊತ್ತಿದೆ. ಕರ್ನಾಟಕ ಸಂಗೀತ ಕಚೇರಿಯ ಖಂಜಿರಕ್ಕೆ ತೆಳ್ಳಗೆ ಬಿಗಿದಿದ್ದದ್ದು ಅದೇ. ನೀರು ಸವರಿ ಹದ ಮಾಡಿದಾಗ ಅದರಿಂದ ಹೊರಡುವ ಗುಮುಕಿಗೆ ಸಾಟಿಯಿಲ್ಲವೆಂದು ಹಿರಿಯ ವಾದಕರು ಹೇಳುತ್ತಾರೆ. ಗೋವಾದ ಘುಮಟೆಗೂ ಇದೇ ಚರ್ಮ ಇರುತ್ತಿತ್ತು. ಗೋವಾದವರು ಆಡಿನ ಚರ್ಮಕ್ಕೆ ಹೊರಳಿದರು, ಅನಂತರ ಘುಮಟೆಗೆ ಅಲ್ಲಿ ಪಾರಂಪರಿಕ ವಾದ್ಯದ ಮಾನ್ಯತೆಯೂ ಸಿಕ್ಕಿತು. ಖಂಜಿರದಲ್ಲೂ ಆಡಿನ ಚರ್ಮ, ಕೃತಕ ಹಾಳೆ ಬಂದಿವೆ. ನಾದ ಸ್ವಲ್ಪ ಬೇರೆಯಾಗಿರಬಹುದು. ಆ ಬೇರೆ ನಾದವನ್ನು ಕೇಳುವುದಕ್ಕೆ ಕಿವಿಯನ್ನು ಒಗ್ಗಿಸಿಕೊಳ್ಳುವುದು ರಸಿಕರ ಕರ್ತವ್ಯವೆಂದೇ ನಾನು ತಿಳಿದಿದ್ದೇನೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಉಡ ಒಂದನೇ ಅನುಸೂಚಿಯಲ್ಲಿದೆ, ಹುಲಿ, ಆನೆಗಳ ಸಾಲಿನಲ್ಲಿ. ಕೊಂದರೆ ಮೂರರಿಂದ ಏಳು ವರ್ಷ ಸೆರೆ. 2022ರ ತಿದ್ದುಪಡಿಯ ಮೇಲೆ ದಂಡ ಕನಿಷ್ಠ 25,000 ರೂಪಾಯಿ. ಹುಲಿ ಸತ್ತರೆ ಪತ್ರಿಕೆಯ ಮೊದಲ ಪುಟ, ಉಡ ಸತ್ತರೆ ಸುದ್ದಿಯೇ ಇಲ್ಲ. ಬೇಟೆಗಿಂತಲೂ ಸದ್ದಿಲ್ಲದೆ ಅದನ್ನು ಮುಗಿಸುತ್ತಿರುವುದು ಇನ್ನೊಂದಿದೆ. ಹೊಲದ ಅಗಲವಾದ ಬದು ಜೆಸಿಬಿಯ ಹಲ್ಲಿಗೆ ಸಿಕ್ಕು ಒಂದು ಗೆರೆಯಾಗುತ್ತದೆ. ಕಲ್ಲುಗುಂಪೆ ಲಾರಿ ಹತ್ತುತ್ತದೆ. ಬಂಡೆ ಜಲ್ಲಿಯಾಗುತ್ತದೆ. ಹುತ್ತ ಸಮವಾಗುತ್ತದೆ. ಹಳೆಯ ಹುಣಸೆ ಉರುಳುತ್ತದೆ. ಸಂದುಗಳಿಲ್ಲದ, ಚೊಕ್ಕಟವಾದ ನೆಲದಲ್ಲಿ ಉಡ ಎಲ್ಲಿ ಹಿಡಿದುಕೊಳ್ಳಬೇಕು? ಜಾಗ ಹುಡುಕುತ್ತ ಹೆದ್ದಾರಿ ದಾಟುತ್ತದೆ. ದಾಟಿ ಉಳಿದದ್ದು ನಮ್ಮ ಮನೆಯ ಅಂಗಳಕ್ಕೆ, ನೀರಿನ ಸಂಪಿನ ಪಕ್ಕಕ್ಕೆ ಬರುತ್ತದೆ. ಮನೆ ಹೊಕ್ಕ ಉಡ ಕೇಡಿನ ಸೂಚನೆ ಎಂದು ನಂಬಿ ಶಾಂತಿ ಮಾಡಿಸುವವರಿದ್ದಾರೆ. ಕೇಡು ಆಗಿರುವುದು ಅದಕ್ಕೆ. ಒಂದು ಬಾಗಿಲು ತೆರೆದಿಟ್ಟು, ನಾಯಿಯನ್ನು ಕಟ್ಟಿಹಾಕಿ, ಮಕ್ಕಳನ್ನು ದೂರ ಕರೆದು ಸುಮ್ಮನಿದ್ದರೆ ಬಂದ ದಾರಿಯಲ್ಲೇ ಹೋಗುತ್ತದೆ. ಹೋಗದಿದ್ದರೆ ಅರಣ್ಯ ಇಲಾಖೆಯವರನ್ನು ಕರೆಯಬೇಕು.

ಇಷ್ಟೆಲ್ಲದರ ನಡುವೆಯೂ ಪ್ರತಿ ಮಳೆಗಾಲ ಗಂಡುಗಳು ಹೆಣ್ಣಿಗಾಗಿ ಕುಸ್ತಿ ಹಿಡಿಯುತ್ತವೆ. ಎರಡೂ ಹಿಂಗಾಲ ಮೇಲೆ ಎದ್ದು, ಮುಂಗಾಲುಗಳಿಂದ ಒಂದನ್ನೊಂದು ತಬ್ಬಿ, ಹೆಗಲಿಗೆ ಹೆಗಲು ಕೊಟ್ಟು ಕೆಡವಲು ನೋಡುತ್ತವೆ. ನೋಡಿದವರು ಅದನ್ನು ಪ್ರಣಯವೆಂದು ತಿಳಿಯುವುದೇ ಹೆಚ್ಚು. ಒಂದು ಬಿದ್ದು ಹಿಂದೆ ಸರಿದರೆ ಮುಗಿಯಿತು.

ಜೂನಿನಿಂದ ಸೆಪ್ಟೆಂಬರ್ ಒಳಗೆ ಹೆಣ್ಣು ಮೊಟ್ಟೆಯಿಡುತ್ತದೆ. ಸಮನೆಲದಲ್ಲೋ, ದಿಬ್ಬದ ಮಗ್ಗುಲಲ್ಲೋ ಗುಂಡಿ ತೋಡುತ್ತದೆ. ಹುತ್ತ ಸಿಕ್ಕರೆ ಅದರ ಮೈಯನ್ನು ಬಗೆಯುವುದೂ ಉಂಟು. ಗೆದ್ದಲು ಕಟ್ಟಿದ ಹುತ್ತದೊಳಗೆ ಬೆಚ್ಚಗೆ, ಹಸಿಯಾಗಿ ಒಂದೇ ಹದ ಇರುತ್ತದೆ. ಹಸುಗೂಸಿಗೆ ಬೇಕಾದ ಹದವನ್ನು ಬೇರೆಯವರ ಮನೆಯಲ್ಲಿ ಕಂಡುಕೊಂಡ ತಾಯಿ ಅದು. ಇಪ್ಪತ್ತರ ಆಸುಪಾಸು ಬಿಳಿ ಮೊಟ್ಟೆ, ಚಿಪ್ಪು ತೊಗಲಿನಂತೆ ಮೆತ್ತಗೆ. ಇಟ್ಟಾದ ಮೇಲೆ ಮಣ್ಣು ಎಳೆದು ಮುಚ್ಚಿ, ಮೂತಿಯಿಂದಲೇ ಒತ್ತಿ ಒತ್ತಿ ಗಟ್ಟಿ ಮಾಡುತ್ತದೆ. ಅಷ್ಟಕ್ಕೇ ಬಿಡುವುದಿಲ್ಲ. ಸುತ್ತಮುತ್ತ ಇನ್ನೂ ಕೆಲವು ಗುಂಡಿಗಳನ್ನು ತೋಡಿ, ಮೊಟ್ಟೆಯಿಡದೆ, ಮಣ್ಣನ್ನು ಅತ್ತಿತ್ತ ಚೆಲ್ಲಿ ಹೋಗುತ್ತದೆ. ಮುಂಗುಸಿಯೋ ನರಿಯೋ ಬಂದರೆ ಯಾವುದು ನಿಜವಾದ ಗೂಡು ಎಂದು ಅಗೆಯುತ್ತಲೇ ಇರಲಿ ಎಂದು.

ಮೊಟ್ಟೆಗಳು ಮಣ್ಣಿನೊಳಗೆ ಐದೂವರೆ ತಿಂಗಳಿಂದ ಎಂಟೂವರೆ ತಿಂಗಳವರೆಗೆ ಇರುತ್ತವೆ. ಅಷ್ಟರಲ್ಲಿ ಮೇಲಿನ ಹೊಲದಲ್ಲಿ ಜೋಳ ಬಿತ್ತಿ, ಕೊಯ್ದು, ಕಣ ಮಾಡಿ ಆಗಿರುತ್ತದೆ. ಚಳಿ ಬಂದು ಹೋಗಿರುತ್ತದೆ. ಹೊರಬರುವ ಮರಿ ತಾಯಿಯ ಬಣ್ಣದ್ದಲ್ಲ. ಕಡುಮೈಯ ಮೇಲೆ ಹಳದಿ ಚುಕ್ಕೆಗಳ ಸಾಲು, ಗಂಟಲಿಗೂ ಹೊಟ್ಟೆಗೂ ಕಪ್ಪು ಅಡ್ಡಪಟ್ಟೆ. ಅಪ್ಪ ಅಮ್ಮ ಯಾರೂ ಕಾಯುತ್ತಿಲ್ಲ. ಕಾಗೆ, ಹದ್ದು, ಹಾವು, ಮುಂಗುಸಿ, ಊರನಾಯಿ ಎಲ್ಲವೂ ಕಾಯುತ್ತಿವೆ. ಮರಿ ನೆಲದಲ್ಲಿ ತಡಮಾಡದೆ ಹತ್ತಿರದ ಜಾಲಿಯನ್ನೋ ಕಾರೆಯ ಪೊದೆಯನ್ನೋ ಏರಿ, ಮುಳ್ಳಿನ ನಡುವೆ ಹುಳು ಹಿಡಿಯುತ್ತ ಮೊದಲ ಕಾಲವನ್ನು ಕಳೆಯುತ್ತದೆ. ಅದಕ್ಕೆ ಬೇಕಾದ ಮೊದಲ ಸಂದನ್ನು ಅದೇ ಹುಡುಕಿಕೊಳ್ಳುತ್ತದೆ: ತೊಗಟೆಯ ಬಿರುಕು, ಬೇಲಿಯ ಕಲ್ಲಿನ ಎಡೆ, ಹಳೆಯ ಇಲಿಬಿಲ. ಬದುಕಿ ಬೆಳೆದವುಗಳ ಮೈಮೇಲಿನ ಪಟ್ಟೆಗಳು ವರ್ಷ ಕಳೆದಂತೆ ಮಾಸುತ್ತ ಬಂದು, ಕೊನೆಗೆ ಗಂಟಲಲ್ಲಿ ಅಲ್ಲೊಂದು ಇಲ್ಲೊಂದು ಗುರುತಷ್ಟೇ ಉಳಿಯುತ್ತವೆ.